ಮುಂಬಯಿ ಬಿಟ್ಟ ಜಾರ್ಜ್, ಊರಿಗೆ ಬಂದ ಹಳಿ

ಠಾಣೆ ಸ್ಟೇಷನ್ನಿನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿಗೆ ಕಾಯುವವರನ್ನು ದೂರದಿಂದಲೇ ಗುರುತಿಸಬಹುದು. ಲೋಕಲ್ ಹಿಡಿಯುವವರ ಹೆಗಲಿಗೆ ಒಂದು ಚೀಲ, ಕಣ್ಣು ಇಂಡಿಕೇಟರಿನ ಮೇಲೆ. ಇವರ ಕಾಲಬುಡದಲ್ಲಿ ನೈಲಾನ್ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ನೀಲಿ ಶಾಯಿಯಲ್ಲಿ ಬರೆದ ಹೆಸರು, ಹೆಸರಿನ ಕೆಳಗೆ ಕುಂದಾಪುರ ಅಂತಲೋ ಮುಲ್ಕಿ ಅಂತಲೋ ಊರು. ಗಾಡಿ ನಿಲ್ಲುವುದು ಕೆಲವೇ ನಿಮಿಷ. ಅಷ್ಟರಲ್ಲಿ ಪೆಟ್ಟಿಗೆ ಹತ್ತಬೇಕು, ಮಕ್ಕಳು ಹತ್ತಬೇಕು, ಮೊಣಕಾಲು ನೋವಿನ ಅತ್ತೆ ಹತ್ತಬೇಕು. ತುಳು, ಕೊಂಕಣಿ, ಕುಂದಗನ್ನಡ, ಬ್ಯಾರಿ ಎಲ್ಲವೂ ಒಂದೇ ಬಾಗಿಲಲ್ಲಿ ಒತ್ತರಿಸಿಕೊಂಡು ಒಳಗೆ ಹೋಗುತ್ತವೆ. ಮರುದಿನ ಬೆಳಗಿನ ಹೊತ್ತಿಗೆ ಉಡುಪಿ.

ಆ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗಲೆಲ್ಲ ನನಗೆ ಕಾರ್ಮಿಕ ನಾಯಕ, ಒಂದು ಕಾಲದ ರೈಲ್ವೆ ಮಂತ್ರಿ ಜಾರ್ಜ್ ಫರ್ನಾಂಡಿಸ್ ನೆನಪಾಗುತ್ತಾರೆ. ಅವರು ತೀರಿಕೊಂಡದ್ದು 2019ರ ಜನವರಿ 29ರಂದು. ಅಂದಿನಿಂದ ಅವರ ಬಗ್ಗೆ ಮೂರು ಬಗೆಯ ಮಾತು ಕೇಳಿಬರುತ್ತಿದೆ. ತುರ್ತು ಪರಿಸ್ಥಿತಿಯಲ್ಲಿ ಕೋಳ ತೊಟ್ಟ ಕೈಯನ್ನು ಮೇಲೆತ್ತಿ ನಿಂತ ಆ ಫೋಟೊ ಸಾಕು, ಉಳಿದದ್ದೇನೂ ಬೇಡ ಎನ್ನುವವರು ಕೆಲವರು. ಸಮಾಜವಾದಿಯಾಗಿ ಹೊರಟು ಕೊನೆಗೆ ಎಲ್ಲಿ ಹೋಗಿ ಸೇರಿದರು ನೋಡಿ, ಆ ಕೊನೆಯೇ ಮೊದಲಿನದನ್ನೆಲ್ಲ ಅಳಿಸಿತು ಎನ್ನುವವರು ಇನ್ನು ಕೆಲವರು. ಮೂರನೆಯವರು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಜನ. ಇವರಿಗೆ ಜಾರ್ಜ್ ಎಂದರೆ ಕೊಂಕಣ ರೈಲು. ಊರಿನ ದೈವದ ನೇಮಕ್ಕೆ, ಅಣ್ಣನ ಮಗಳ ಮದುವೆಗೆ, ತಾಯಿಯ ಕೊನೆಗಳಿಗೆಗೆ ಹೊತ್ತಿಗೆ ಸರಿಯಾಗಿ ತಲುಪಿಸಿದವರು.

ಮೂರೂ ಮಾತಿನಲ್ಲಿ ಹುರುಳಿದೆ. ಆದರೆ ಮೂರರಲ್ಲೂ ಬಿಟ್ಟುಹೋಗುವ ಸಂಗತಿ ಒಂದಿದೆ ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತ ಬಂದಿದೆ. ಜಾರ್ಜ್ ಮುಂಬಯಿಯನ್ನು ಬಿಟ್ಟರು. 1977ರ ನಂತರ ಅವರ ರಾಜಕೀಯದ ಮನೆ ಬಿಹಾರ, ಆಮೇಲೆ ದೆಹಲಿ. ಅವರ ಏಳುಬೀಳಿನ ಲೆಕ್ಕವನ್ನು ಅಲ್ಲಿಂದ ಹಿಡಿಯಬೇಕೇ ಹೊರತು ಬಿಜೆಪಿಯ ಸರಕಾರ ಸೇರಿದ 1998ರಿಂದಲ್ಲ.

ಮೊದಲಿಂದ ನೋಡೋಣ. ಮಂಗಳೂರಿನಲ್ಲಿ 1930ರ ಜೂನ್ 3ರಂದು ಹುಟ್ಟು. ಆರು ಮಕ್ಕಳಲ್ಲಿ ಹಿರಿಯ. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ ಹುಟ್ಟಿದ್ದೂ ಜೂನ್ 3ರಂದೇ ಅಂತ ತಾಯಿ ಆಲಿಸ್ ಮಗನಿಗೆ ಆ ಹೆಸರಿಟ್ಟರು. ಪಾದ್ರಿಯಾಗಲೆಂದು ಹದಿನಾರರ ಹುಡುಗನನ್ನು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಗೆ ಕಳುಹಿಸಿದರು. ಅಲ್ಲಿ ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ; ಕಲಿಯುವ ಹುಡುಗರಿಗೆ ಬೇರೆ ಪಂಕ್ತಿ. ಎರಡು ವರ್ಷದ ಮೇಲೆ ಹುಡುಗ ಹೊರಬಂದ. ಸಮಾನತೆಯ ಪಾಠವನ್ನು ಪುಸ್ತಕದಲ್ಲಿ ಓದುವ ಮೊದಲು ಊಟದ ಎಲೆಯ ಮುಂದೆ ಕಲಿತವನು ಅವನು. ಮಂಗಳೂರಿಗೆ ಮರಳಿ ಸಮಾಜವಾದಿ ಮುಖಂಡ ಅಮ್ಮೆಂಬಳ ಬಾಳಪ್ಪನವರ ಜೊತೆ ಸೇರಿ ಹೊಟೇಲ್ ಮತ್ತು ಸಾರಿಗೆ ಕಾರ್ಮಿಕರ ನಡುವೆ ಓಡಾಡಿದ. ಆ ದಿನಗಳಲ್ಲೇ ಕೊಂಕಣಿಯಲ್ಲಿ ‘ಕೊಂಕಣಿ ಯುವಕ್’, ಕನ್ನಡದಲ್ಲಿ ‘ರೈತವಾಣಿ’ ಪತ್ರಿಕೆಗಳ ಸಂಪಾದಕನೂ ಆದ.

1949ರಲ್ಲಿ ಮುಂಬಯಿ. ಮೊದಮೊದಲು ಮಲಗಿದ್ದು ಚೌಪಾಟಿಯ ಬೆಂಚುಗಳ ಮೇಲೆ. ನಡುರಾತ್ರಿ ಪೊಲೀಸರು ಬಂದು ಎಬ್ಬಿಸಿ ಕಳುಹಿಸುತ್ತಿದ್ದರು. ಆಮೇಲೆ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಇದನ್ನು ಓದುವಾಗ ನಮ್ಮ ಹಿರಿಯರ ಕಥೆಯೇ ಕಣ್ಣಿಗೆ ಬರುತ್ತದೆ. ಹೊಟೇಲಿನ ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗಿದವರು, ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿದವರು, ಆಮೇಲೆ ಬಾಡಿಗೆ ಕಡಿಮೆ ಅಂತ ಡೊಂಬಿವಲಿಗೆ ಬಂದು ಬಿಡಾರ ಹೂಡಿದವರು. ಡೊಂಬಿವಲಿಯಲ್ಲಿ ಕನ್ನಡ ಸಂಘ ಕಟ್ಟಿ, ಮಂಜುನಾಥ ವಿದ್ಯಾಲಯ ಬೆಳೆಸಿದ ತಲೆಮಾರು ಇಂಥವರದೇ. ಜಾರ್ಜ್ ಅವರಂತೆಯೇ ಬಂದರು. ವ್ಯತ್ಯಾಸ ಇಷ್ಟೇ, ಹೊಟ್ಟೆಪಾಡಿಗೆ ದಾರಿ ಸಿಕ್ಕ ಮೇಲೂ ಅವರು ಬೆಂಚಿನ ಮೇಲೆ ಮಲಗಿದವನನ್ನು ಮರೆಯಲಿಲ್ಲ.

ಮುಂಬಯಿಯಲ್ಲಿ ಅವರಿಗೆ ಇಬ್ಬರು ಗುರುಗಳು. ಒಬ್ಬರು ರಾಮಮನೋಹರ ಲೋಹಿಯಾ. ಇನ್ನೊಬ್ಬರು ಮಂಗಳೂರಿನ ಕಡೆಯವರೇ ಆದ ಪ್ಲಾಸಿಡ್ ಡಿಮೆಲ್ಲೊ, ಬಂದರು ಕಾರ್ಮಿಕರ ನಾಯಕ. ಇಂದಿಗೂ ಡಾಕಿನ ಪಕ್ಕದ ಉದ್ದನೆಯ ರಸ್ತೆಗೆ ಡಿಮೆಲ್ಲೊ ಹೆಸರಿದೆ. 1958ರಲ್ಲಿ ಡಿಮೆಲ್ಲೊ ತೀರಿಕೊಂಡ ಮೇಲೆ ಹೊರೆ ಜಾರ್ಜ್ ಹೆಗಲಿಗೆ ಬಂತು. ಬಂದರು, ನಗರಪಾಲಿಕೆಯ ಜಾಡಮಾಲಿಗಳು, ಬೆಸ್ಟ್ ಬಸ್ಸಿನವರು, ಟ್ಯಾಕ್ಸಿಯವರು. ನಗರ ಓಡಬೇಕಾದರೆ ಯಾರ ಕೈ ಬೇಕೋ ಅವರೆಲ್ಲ ಅವರ ಯೂನಿಯನ್ನುಗಳಲ್ಲಿದ್ದರು. 1961ರಿಂದ 1968ರವರೆಗೆ ನಗರಪಾಲಿಕೆಯ ಸದಸ್ಯ. ‘ಬಂದ್ ಸಾಮ್ರಾಟ’ ಎಂಬ ಹೆಸರು ಆಗಿನದು. ಆದರೆ ಅವರು ಕೆಲಸ ನಿಲ್ಲಿಸಲಷ್ಟೇ ಕಲಿತವರಲ್ಲ. ಬಡ್ಡಿಗೆ ಹಣ ಕೊಡುವವರ ಕೈಯಿಂದ ಕಾರ್ಮಿಕರನ್ನು ಬಿಡಿಸಬೇಕು ಅಂತ 1968ರಲ್ಲಿ ಬಾಂಬೆ ಲೇಬರ್ ಕೋಆಪರೇಟಿವ್ ಬ್ಯಾಂಕ್ ಕಟ್ಟಿದರು.

1967ರ ಚುನಾವಣೆ ನಮ್ಮ ಪಾಲಿಗೆ ಎರಡು ಕಾರಣಕ್ಕೆ ಮುಖ್ಯ. ದಕ್ಷಿಣ ಮುಂಬಯಿ ಲೋಕಸಭಾ ಕ್ಷೇತ್ರದಲ್ಲಿ ಎಸ್. ಕೆ. ಪಾಟೀಲರನ್ನು ಯಾರೂ ಅಲುಗಾಡಿಸಲಾರರು ಎಂದೇ ಎಲ್ಲರ ನಂಬಿಕೆ. ಕೇಂದ್ರದ ಮಂತ್ರಿ, ಕಾಂಗ್ರೆಸ್ಸಿನ ಹಣದ ಥೈಲಿ ಹಿಡಿದವರು, ನಗರದ ಪಟ್ಟವಿಲ್ಲದ ದೊರೆ. ಮಂಗಳೂರಿನಿಂದ ಬಂದ, ಮರಾಠಿಯನ್ನು ಇಲ್ಲೇ ಕಲಿತ, ಕ್ರೈಸ್ತ ಕಾರ್ಮಿಕ ನಾಯಕನೊಬ್ಬ ಅವರನ್ನು ಸೋಲಿಸಿದ. ವೋಟು ಹಾಕಿದವರಲ್ಲಿ ಹೆಚ್ಚಿನವರ ಮನೆಮಾತು ಅವನದಲ್ಲ.

ಅದೇ ವರ್ಷ ಠಾಣೆಯಲ್ಲಿ ಇನ್ನೊಂದು ಘಟನೆ ನಡೆಯಿತು. 1966ರ ಜೂನ್‌ನಲ್ಲಿ ಹುಟ್ಟಿದ ಶಿವಸೇನೆ ತನ್ನ ಮೊದಲ ಅಧಿಕಾರ ಹಿಡಿದದ್ದು ಠಾಣೆ ನಗರಪಾಲಿಕೆಯಲ್ಲಿ, 1967ರಲ್ಲಿ. ಆಗ ಸೇನೆಯ ಸಿಟ್ಟು ದಕ್ಷಿಣದವರ ಮೇಲೆ. ಉಡುಪಿ ಹೊಟೇಲುಗಳ ಗಾಜು ಒಡೆದದ್ದನ್ನು ಕಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ಎರಡೂ ಒಂದೇ ವರ್ಷದ ಸಂಗತಿ ಎಂಬುದನ್ನು ನಾವು ಸಾಕಷ್ಟು ಯೋಚಿಸಿಲ್ಲ. ದಕ್ಷಿಣದಿಂದ ಬಂದ ದುಡಿಯುವವನಿಗೆ ಈ ನೆಲದಲ್ಲಿ ಆಗ ಎರಡು ಹೆಸರಿದ್ದವು. ಲುಂಗಿಯವನು ಎಂಬುದೊಂದು, ಕಾಮಗಾರ ಎಂಬುದು ಇನ್ನೊಂದು. ಆ ಎರಡನೆಯ ಹೆಸರನ್ನು ಗಟ್ಟಿಯಾಗಿ ಕೂಗಿದವರಲ್ಲಿ ಜಾರ್ಜ್ ಮುಂದಿದ್ದರು. ಆ ಹೆಸರಿನ ಕೆಳಗೆ ರತ್ನಾಗಿರಿಯವನೂ ಕಾರ್ಕಳದವನೂ ಒಂದೇ ಸಾಲಿನಲ್ಲಿ ನಿಲ್ಲಬಹುದಿತ್ತು. ನಮ್ಮವರಲ್ಲಿ ಹೊಟೇಲ್ ಮಾಲಕರಾದವರಿಗೆ ಯೂನಿಯನ್ ಅಂದರೆ ಭಯವೂ ಇತ್ತು, ಕೋಪವೂ ಇತ್ತು, ಅದು ಸಹಜ. ಆದರೆ ಮಾಲಕರ ಮನೆಯ ನೆನಪೇ ಇಡೀ ಸಮುದಾಯದ ನೆನಪಲ್ಲ.

1971ರಲ್ಲಿ ಅದೇ ಕ್ಷೇತ್ರದಲ್ಲಿ ಜಾರ್ಜ್ ಸೋತರು. ಎರಡು ವರ್ಷದ ಮೇಲೆ ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ನಿನ ಅಧ್ಯಕ್ಷರಾದರು. ಇಲ್ಲಿಂದ ಕಥೆ ಕಲ್ಯಾಣಕ್ಕೆ ಬರುತ್ತದೆ.

ಕಲ್ಯಾಣ ಹುಟ್ಟಾ ರೈಲ್ವೆ ಊರು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಬಂದು ನಿಂತಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಲೋಕೊ ಶೆಡ್, ಯಾರ್ಡು, ಕ್ವಾರ್ಟರ್ಸು ಎಲ್ಲ ಇರುವ ಆ ಊರಿನಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರದ ಕಡೆಯಿಂದ ಬಂದ ಕನ್ನಡಿಗರ ಮನೆಗಳೂ ಇದ್ದವು. ಲೋಕೊ ಸಿಬ್ಬಂದಿಗೆ ದಿನಕ್ಕೆ ಎಂಟು ಗಂಟೆಯ ಕೆಲಸ, ಸಾರ್ವಜನಿಕ ಉದ್ಯಮಗಳವರಿಗೆ ಸಮನಾದ ಸಂಬಳ, ಬೋನಸ್ ಎಂಬ ಬೇಡಿಕೆ ಇಟ್ಟು 1974ರ ಮೇ 8ರಂದು ಮುಷ್ಕರ ಶುರುವಾಯಿತು. ಅದಕ್ಕೂ ಆರು ದಿನ ಮೊದಲೇ ಜಾರ್ಜ್ ಅವರನ್ನು ಲಖನೌದಲ್ಲಿ ಹಿಡಿದಿದ್ದರು. ದೇಶದ ಸುಮಾರು ಹದಿನೇಳು ಲಕ್ಷ ರೈಲ್ವೆ ನೌಕರರ ಮುಷ್ಕರ; ಸಾವಿರಾರು ಜನ ಜೈಲಿಗೆ; ರೈಲ್ವೆ ಕಾಲೊನಿಗಳಲ್ಲಿ ಕ್ವಾರ್ಟರ್ಸಿನಿಂದ ಹೆಂಗಸರು ಮಕ್ಕಳನ್ನು ಹೊರಗೆ ಹಾಕಿದರು. ಮೇ 27ರಂದು ಮುಷ್ಕರ ಹಿಂದೆ ಸರಿಯಿತು.

ಕಲ್ಯಾಣದ ಶೆಡ್ಡಿನಲ್ಲಿ ದುಡಿದು ನಿವೃತ್ತರಾದ ಗದಗದ ಕಡೆಯ ಹಿರಿಯರೊಬ್ಬರು ನನಗೆ ತಮ್ಮ ಹಳೆಯ ಕಾಗದಗಳನ್ನು ತೋರಿಸಿದರು. ಪ್ಲಾಸ್ಟಿಕ್ ಚೀಲದೊಳಗೆ ಬಟ್ಟೆ, ಬಟ್ಟೆಯೊಳಗೆ ಸರ್ವಿಸ್ ದಾಖಲೆಯ ನಕಲು. 1974ರ ಸಾಲಿನ ಎದುರು ‘ಬ್ರೇಕ್ ಇನ್ ಸರ್ವಿಸ್’ ಎಂಬ ಮುದ್ರೆ. ಅದರ ಕೆಳಗೆ ಮೂರು ವರ್ಷದ ಮೇಲೆ ಬೇರೆ ಕೈಬರಹದಲ್ಲಿ ಅದನ್ನು ರದ್ದು ಮಾಡಿದ ಟಿಪ್ಪಣಿ. ಎರಡು ಸಾಲಿನ ನಡುವೆ ಬೆರಳಿಟ್ಟು, “ಈ ಮೂರು ವರ್ಷ ನಮ್ಮವ್ವ ಬಳಿ ಮಾರಿ ಮನಿ ನಡಿಸಿದ್ಲರಿ” ಅಂದರು. ಜಾರ್ಜ್ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. “ಸಿಟ್ಟ್ಯಾಕ್ರಿ? ನಾವು ಕೆಲಸ ಬಿಟ್ವಿ, ಅವ್ರು ಜೈಲಿಗೆ ಹ್ವಾದ್ರು. ಲೆಕ್ಕ ಸಮ ಆತಲ್ಲ.” ಬಹಳ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ಆದ್ರ ಗೆದ್ದ ಮ್ಯಾಲೆ ಒಮ್ಮೆ ಶೆಡ್ಡಿಗೆ ಬಂದು ಹೋಗಬೇಕಿತ್ತು.”

ಆ ರದ್ದತಿಯ ಟಿಪ್ಪಣಿ ಬಂದದ್ದು 1977ರಲ್ಲಿ, ಕೊಂಕಣದ ಸಂಸದರೇ ಆದ ಮಧು ದಂಡವತೆ ರೈಲ್ವೆ ಮಂತ್ರಿಯಾದ ಮೇಲೆ. ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರನ್ನು ಅವರು ಮರಳಿ ಕರೆಸಿದರು. ಎರಡನೇ ದರ್ಜೆಯ ಮರದ ಹಲಗೆಗೆ ಎರಡಿಂಚು ಫೋಮ್ ಹಾಕಿಸಿದವರೂ ದಂಡವತೆಯವರೇ. ರೈಲ್ವೆ ನೌಕರರಿಗೆ ಬೋನಸ್ ಬಂದದ್ದು 1979ರಲ್ಲಿ. ಇಪ್ಪತ್ತು ದಿನದಲ್ಲಿ ಸೋತ ಮುಷ್ಕರ ಐದು ವರ್ಷದಲ್ಲಿ ತನ್ನ ಫಲ ಕೊಟ್ಟಿತು ಎಂಬುದು ನನ್ನ ಎಣಿಕೆ.

ತುರ್ತು ಪರಿಸ್ಥಿತಿಯ ಕಥೆಯನ್ನು ಬಲ್ಲವರು ಬಹಳ. ಗಡ್ಡ ಬಿಟ್ಟು, ಪೇಟ ಸುತ್ತಿ, ಸರ್ದಾರಜಿಯಾಗಿ ತಿರುಗಿದ್ದು. ಸ್ಫೋಟಕದ ಸಂಚಿನ ಆರೋಪದ ಬರೋಡಾ ಡೈನಮೈಟ್ ಮೊಕದ್ದಮೆ. 1976ರ ಜೂನ್ 10ರಂದು ಕಲ್ಕತ್ತದಲ್ಲಿ ಸೆರೆ. ಆದರೆ ಆ ಸಾಹಸದ ಬೆಲೆಯನ್ನು ತೆತ್ತವರಲ್ಲಿ ಇಬ್ಬರ ಹೆಸರನ್ನು ಕನ್ನಡದಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ತಮ್ಮ ಲಾರೆನ್ಸ್ ಅವರನ್ನು 1976ರ ಮೇ 1ರಂದು ಬೆಂಗಳೂರಿನಲ್ಲಿ ಹಿಡಿದು, ಅಣ್ಣ ಎಲ್ಲಿ ಹೇಳು ಅಂತ ಹೊಡೆದು ಹಣ್ಣು ಮಾಡಿದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರನ್ನು ಮರುದಿನ ಹಿಡಿದು ಬೆಂಗಳೂರಿನ ಸೆರೆಮನೆಯಲ್ಲಿ ಎಂಟು ತಿಂಗಳು ಇಟ್ಟರು. ಆಸ್ತಮಾ ಇದ್ದ ಆಕೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಜಾರ್ಜ್ ಬದುಕಿನ ತಕ್ಕಡಿಯಲ್ಲಿ ಯಾವುದನ್ನು ಎಲ್ಲಿ ಇಟ್ಟರೂ ಸ್ನೇಹಲತಾ ಅವರ ಹೆಸರು ನಡುವೆ ಇರಲೇಬೇಕು. ಸ್ನೇಹಿತನಿಗಾಗಿ ಬಾಯಿ ಬಿಡದೆ ಉಳಿದ ಆಕೆಯ ಮೌನಕ್ಕೆ ಯಾವ ಪಕ್ಷವೂ ತಕ್ಕ ಗೌರವ ಕೊಟ್ಟಿಲ್ಲ.

1977ರಲ್ಲಿ ಜೈಲಿನಿಂದಲೇ ಬಿಹಾರದ ಮುಜಫರಪುರದಲ್ಲಿ ನಿಂತು ಮೂರು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಉದ್ಯಮ ಮಂತ್ರಿಯಾದರು. ವಿದೇಶಿ ಪಾಲು ಇಳಿಸಿ ಎಂಬ ನಿಯಮಕ್ಕೆ ಒಪ್ಪದ ಕೋಕಾಕೋಲಾ ಮತ್ತು ಐಬಿಎಂ ದೇಶ ಬಿಟ್ಟದ್ದು ಆಗ. 1979ರ ಜುಲೈನಲ್ಲಿ ಮೊರಾರ್ಜಿ ದೇಸಾಯಿ ಸರಕಾರವನ್ನು ಲೋಕಸಭೆಯಲ್ಲಿ ಗಂಟೆಗಟ್ಟಲೆ ಸಮರ್ಥಿಸಿಕೊಂಡು, ಕೆಲವೇ ದಿನಗಳಲ್ಲಿ ಚರಣ್ ಸಿಂಗ್ ಕಡೆಗೆ ಹೋದರು. ಅವರನ್ನು ನಂಬಿದವರಿಗೆ ಬಿದ್ದ ಮೊದಲ ಪೆಟ್ಟು ಅದು.

ಇಲ್ಲಿ ತುಸು ನಿಲ್ಲಬೇಕು. ಜಾರ್ಜ್ ಬಿಹಾರದವರಾದ ಆ ವರ್ಷಗಳಲ್ಲಿ ಠಾಣೆ ಜಿಲ್ಲೆ ದೇಶದ ದೊಡ್ಡ ಕಾರ್ಖಾನೆಯಾಗಿತ್ತು. ವಾಗ್ಳೆ ಎಸ್ಟೇಟು, ಠಾಣೆ–ಬೇಲಾಪುರ ಪಟ್ಟಿ, ಡೊಂಬಿವಲಿಯ ಎಂಐಡಿಸಿ, ಅಂಬರನಾಥ, ಶಹಾಡಿನ ಸೆಂಚುರಿ ರೇಯಾನ್, ಮೊಹೊನೆಯ ಎನ್‌ಆರ್‌ಸಿ. ಔಷಧ, ರಾಸಾಯನಿಕ, ಮೋಟಾರು ಬಿಡಿಭಾಗ, ನೂಲು. ಕ್ಯಾಂಟೀನ್ ಗುತ್ತಿಗೆ ಹಿಡಿದ ಶೆಟ್ಟರಿಂದ ಬಾಯ್ಲರ್ ನೋಡಿಕೊಳ್ಳುವ ಪೂಜಾರಿಯವರೆಗೆ ನಮ್ಮವರು ಅಲ್ಲೆಲ್ಲ ಇದ್ದರು. ಆ ಕಾರ್ಮಿಕರಿಗೆ ಆಗ ಸಿಕ್ಕ ನಾಯಕ ಡಾ. ದತ್ತಾ ಸಾಮಂತ್. ಧೈರ್ಯವಂತ, ಪ್ರಾಮಾಣಿಕ, ಹಿಡಿದ ಪಟ್ಟು ಬಿಡದವರು. ಆದರೆ ಅವರ ಬಳಿ ಸಂಧಾನಕ್ಕೆ ಕುಳಿತುಕೊಳ್ಳುವ ಕಲೆ ಇರಲಿಲ್ಲ. ದೆಹಲಿಯಲ್ಲಿ ಅವರ ಮಾತು ಕೇಳುವವರೂ ಇರಲಿಲ್ಲ. 1982ರ ಜನವರಿ 18ರಂದು ಅವರ ನೇತೃತ್ವದಲ್ಲಿ ಶುರುವಾದ ಮುಂಬಯಿ ಗಿರಣಿ ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಬದುಕು ಅದರಲ್ಲಿ ಕರಗಿಹೋಯಿತು. ಡಿಮೆಲ್ಲೊ ಅವರ ಬಳಿ ಪಳಗಿದ, ಮುಷ್ಕರಕ್ಕೆ ಕರೆ ಕೊಡುವುದೂ ಹಿಂತೆಗೆಯುವುದೂ ಎರಡೂ ಗೊತ್ತಿದ್ದ ಜಾರ್ಜ್ ಆಗ ಇಲ್ಲಿ ಇದ್ದಿದ್ದರೆ? ಇತಿಹಾಸದಲ್ಲಿ ‘ರೆ’ ಸೇರಿಸಿ ಬರೆಯಬಾರದು ಎನ್ನುತ್ತಾರೆ. ಆದರೆ ಕಲ್ಯಾಣದ ಆ ಹಿರಿಯರಂಥವರ ಮನಸ್ಸಿನಲ್ಲಿ ಆ ‘ರೆ’ ನಲವತ್ತು ವರ್ಷದಿಂದ ಹಾಗೇ ಇದೆ, ಅದನ್ನು ಬರೆಯದಿರಲು ನನ್ನಿಂದಾಗದು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಎನ್‌ಆರ್‌ಸಿಗೆ 2009ರಲ್ಲಿ ಬೀಗ ಬಿತ್ತು. ಕಾಮಗಾರ ಎಂಬ ಹೆಸರು ಸವೆದ ಕಡೆ ಭಾಷೆಯ ಹೆಸರು, ಊರಿನ ಹೆಸರು ಮತ್ತೆ ಮೇಲೆ ಬಂದವು.

ಬೇರು ಕಳಚಿಕೊಂಡದ್ದರ ಫಲ ಜಾರ್ಜ್ ಅವರಿಗೂ ತಟ್ಟಿತು. ಮುಜಫರಪುರದ ಜನ ಅವರನ್ನು ಪ್ರೀತಿಸಿದರು, ನಿಜ. ಆದರೆ ಬಿಹಾರದ ರಾಜಕೀಯ ನಡೆಯುವುದು ಜಾತಿಯ ಲೆಕ್ಕದಲ್ಲಿ. ಅಲ್ಲಿ ಅವರಿಗೆ ಸ್ವಂತ ಯೂನಿಯನ್ ಇಲ್ಲ, ಸ್ವಂತ ಜಾತಿಯ ಬಲವಿಲ್ಲ. ಇದ್ದದ್ದು ಹೆಸರು ಮತ್ತು ಮಾತು. ಹೀಗಾಗಿ ಯಾರಾದರೊಬ್ಬರ ಆಸರೆ ಬೇಕೇ ಬೇಕಾಯಿತು. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತು ಸಿ. ಕೆ. ಜಾಫರ್ ಷರೀಫ್ ಎದುರು ಸೋತರು. ಹುಟ್ಟಿದ ರಾಜ್ಯವೂ ಅವರನ್ನು ತನ್ನವರೆಂದು ಆರಿಸಲಿಲ್ಲ. 1994ರಲ್ಲಿ ನಿತೀಶ್ ಕುಮಾರ್ ಜೊತೆ ಸಮತಾ ಪಕ್ಷ ಕಟ್ಟಿದ್ದು, ಎರಡು ವರ್ಷದಲ್ಲಿ ಬಿಜೆಪಿಯ ಜೊತೆ ಹೋದದ್ದು ಎಲ್ಲವನ್ನೂ ನಾನು ಈ ಬೆಳಕಿನಲ್ಲಿ ನೋಡುತ್ತೇನೆ. ತತ್ತ್ವ ಬಿಟ್ಟರು ಎನ್ನುವುದು ಸುಲಭ. ತತ್ತ್ವವನ್ನು ಊರಿ ನಿಲ್ಲಲು ಬೇಕಾದ ನೆಲವನ್ನು ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಬಿಟ್ಟಿದ್ದರು.

ಈ ಮಾತಿಗೆ ನೇಪಾಳದಲ್ಲಿ ಒಂದು ಜೋಡಿ ಉದಾಹರಣೆ ಇದೆ. ಮುಂದೆ ನೇಪಾಳದ ಪ್ರಧಾನಿಯಾದ ಗಿರಿಜಾ ಪ್ರಸಾದ್ ಕೊಯಿರಾಲಾ ಹುಟ್ಟಿದ್ದು ಬಿಹಾರದಲ್ಲಿ, ದೇಶದಿಂದ ಹೊರಹಾಕಲ್ಪಟ್ಟ ಕುಟುಂಬದಲ್ಲಿ. ಅವರ ರಾಜಕೀಯ ಶುರುವಾದದ್ದು 1947ರ ವಿರಾಟನಗರ ಸೆಣಬಿನ ಗಿರಣಿಯ ಮುಷ್ಕರದಿಂದ. ಅಣ್ಣ ಬಿ. ಪಿ. ಕೊಯಿರಾಲಾ ಬನಾರಸಿನಲ್ಲಿ ಓದಿ, ನಮ್ಮ ಸಮಾಜವಾದಿಗಳ ಜೊತೆ ಬ್ರಿಟಿಷರ ಜೈಲು ಕಂಡವರು. 1942ರ ಚಳವಳಿಯ ಕಾಲದಲ್ಲಿ ಜಯಪ್ರಕಾಶ ನಾರಾಯಣ ಮತ್ತು ಲೋಹಿಯಾ ಅಡಗಿದ್ದು ನೇಪಾಳದ ತರಾಯಿಯಲ್ಲಿ. 1949ರ ಮೇ 25ರಂದು ನೇಪಾಳವನ್ನು ಆಳುತ್ತಿದ್ದ ರಾಣಾಗಳ ದಬ್ಬಾಳಿಕೆ ವಿರುದ್ಧ ದೆಹಲಿಯ ನೇಪಾಳ ದೂತಾವಾಸದ ಮುಂದೆ ಪ್ರತಿಭಟಿಸಿ ಲೋಹಿಯಾ ಸೆರೆಯಾದರು. ಜಾರ್ಜ್ ಮುಂಬಯಿಗೆ ಬಂದದ್ದು ಅದೇ ವರ್ಷ, ಕೈಹಿಡಿದದ್ದು ಅದೇ ಲೋಹಿಯಾ ಅವರನ್ನು. 1959ರಲ್ಲಿ ಬಿ. ಪಿ. ನೇಪಾಳದ ಚುನಾಯಿತ ಪ್ರಧಾನಿಯಾದರು. ಮರುವರ್ಷ ಡಿಸೆಂಬರಿನಲ್ಲಿ ದೊರೆ ಮಹೇಂದ್ರ ಅವರನ್ನು ಜೈಲಿಗೆ ಹಾಕಿದ. ಎಂಟು ವರ್ಷ ಜೈಲು, ಆಮೇಲೆ ಭಾರತದಲ್ಲಿ ವನವಾಸ. 1973ರ ಜೂನ್‌ನಲ್ಲಿ ನೇಪಾಳಿ ಕಾಂಗ್ರೆಸ್ಸಿನ ಯುವಕರು ವಿರಾಟನಗರದಿಂದ ಹೊರಟ ವಿಮಾನವನ್ನು ಅಪಹರಿಸಿ ಬಿಹಾರದ ಫಾರ್ಬಿಸ್‌ಗಂಜ್‌ನಲ್ಲಿ ಇಳಿಸಿ, ಅದರಲ್ಲಿದ್ದ ಬ್ಯಾಂಕಿನ ಹಣ ಕೊಂಡೊಯ್ದರು; ಆ ಯೋಜನೆಯ ಹಿಂದೆ ಇದ್ದವರು ಗಿರಿಜಾ. ಡೈನಮೈಟ್ ಮೊಕದ್ದಮೆಗೂ ಇದಕ್ಕೂ ಇರುವ ಹೋಲಿಕೆ ಯಾರಿಗೂ ಕಾಣುವಂಥದ್ದು. ಗಿರಿಜಾ ಅವರ ಮೇಲೂ ಕುರ್ಚಿಗೆ ಅಂಟಿಕೊಂಡರು, ಮನೆಯವರನ್ನು ಮುಂದೆ ತಂದರು ಎಂಬ ದೂರು ಇತ್ತು, ಅದು ಸುಳ್ಳೂ ಅಲ್ಲ. ಆದರೆ ಅವರು ವಿರಾಟನಗರವನ್ನು ಬಿಡಲಿಲ್ಲ. ಜೈಲಿಗೆ ಹೋದರೂ, ದೇಶಾಂತರ ಹೋದರೂ ಮರಳಿದ್ದು ಅಲ್ಲಿಗೆ. 2006ರಲ್ಲಿ ಎಂಬತ್ತು ದಾಟಿದ ವಯಸ್ಸಿನಲ್ಲಿ, ಉಸಿರಾಟದ ತೊಂದರೆಯ ನಡುವೆ, ಮಾವೋವಾದಿಗಳನ್ನು ಒಪ್ಪಂದಕ್ಕೆ ತಂದಾಗ ಜನ ಆ ಮುದುಕನ ಮಾತು ಕೇಳಿದರು. 2008ರ ಮೇ 28ರಂದು ನೇಪಾಳ ಗಣರಾಜ್ಯವಾಯಿತು. ಮರುವರ್ಷ ಇಲ್ಲಿ, 2009ರಲ್ಲಿ, ಜಾರ್ಜ್ ಅವರಿಗೆ ಅವರ ಪಕ್ಷವೇ ಮುಜಫರಪುರದ ಟಿಕೆಟ್ ಕೊಡಲಿಲ್ಲ. ಪಕ್ಷೇತರರಾಗಿ ನಿಂತು ಸೋತರು.

ಇನ್ನು ರೈಲಿನ ಮಾತು. ಇದನ್ನು ನಾನು ಕೃತಜ್ಞತೆಯಿಂದಲೇ ಬರೆಯುತ್ತೇನೆ.

1989ರ ಡಿಸೆಂಬರಿನಲ್ಲಿ ವಿ. ಪಿ. ಸಿಂಗ್ ಸರಕಾರದಲ್ಲಿ ಜಾರ್ಜ್ ರೈಲ್ವೆ ಮಂತ್ರಿ. ಆ ಸರಕಾರ ಬದುಕಿದ್ದು ಹನ್ನೊಂದು ತಿಂಗಳು. ಆಗ ಕರಾವಳಿಯವರ ಪ್ರಯಾಣ ಬಸ್ಸಿನಲ್ಲಿ, ಇಡೀ ಹಗಲು ಇಡೀ ರಾತ್ರಿ. ಮಳೆಗಾಲದಲ್ಲಿ ಘಟ್ಟ ಕುಸಿದರೆ ಎಲ್ಲಿ ನಿಂತಿರೋ ಅಲ್ಲೇ. ರೋಹಾದವರೆಗೆ ಹಳಿ ಬಂದಿತ್ತು. ದಿವಾದಿಂದ ಪನವೇಲಿಗೆ ತಿರುಗುವ ಹಳಿ ಅದಕ್ಕೂ ಎಷ್ಟೋ ಮೊದಲಿನದು. ಡೊಂಬಿವಲಿಯವರು ದಿನಾ ದಾಟುವ ಆ ದಿವಾ ಜಂಕ್ಷನ್ನಿನಿಂದಲೇ ಊರಿನ ದಾರಿ ಹೊರಡುತ್ತಿತ್ತು. ಆದರೆ ರೋಹಾದಲ್ಲಿ ಮುಗಿಯುತ್ತಿತ್ತು. ಅಲ್ಲಿಂದ ಮಂಗಳೂರಿನ ತೋಕೂರಿಗೆ ಸುಮಾರು 740 ಕಿಲೋಮೀಟರ್ ಬರೀ ಬೆಟ್ಟ, ಹೊಳೆ, ಕೆಸರು ಗದ್ದೆ.

ಹಣ ಎಲ್ಲಿಂದ? ರೈಲ್ವೆ ಬಜೆಟ್ಟಿನಲ್ಲಿ ವರ್ಷಕ್ಕಿಷ್ಟು ಅಂತ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು. ಜಾರ್ಜ್ ಅದಕ್ಕೆ ಬೇರೆಯದೇ ಕಂಪನಿ ಮಾಡಿದರು. 1990ರ ಜುಲೈ 19ರಂದು ಕೊಂಕಣ ರೈಲ್ವೆ ಕಾರ್ಪೊರೇಷನ್ ಹುಟ್ಟಿತು. ಪಾಲು ಬಂಡವಾಳದಲ್ಲಿ ರೈಲ್ವೆಯದು ನೂರಕ್ಕೆ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ 6, ಕೇರಳ 6. ಉಳಿದದ್ದು ಬಾಂಡುಗಳಿಂದ. ನಿವೃತ್ತಿಯ ಅಂಚಿನಲ್ಲಿದ್ದ ಇ. ಶ್ರೀಧರನ್ ಅವರನ್ನು ಹಿಡಿದು ತಂದು ಮುಖ್ಯಸ್ಥರನ್ನಾಗಿ ಮಾಡಿದರು. ಆಗ ಹಣಕಾಸು ಮಂತ್ರಿ ರಾಜಾಪುರದ ಸಂಸದ ಮಧು ದಂಡವತೆ. ಯೋಜನಾ ಆಯೋಗದ ಉಪಾಧ್ಯಕ್ಷ, ಕೆಲವು ತಿಂಗಳ ಮಟ್ಟಿಗೆ, ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ. ಕೊಂಕಣ ಮತ್ತು ಕರಾವಳಿಯ ಮೂವರು ಒಂದೇ ಹೊತ್ತಿಗೆ ಆ ಮೂರು ಕುರ್ಚಿಗಳಲ್ಲಿ ಕುಳಿತದ್ದು ಮತ್ತೆ ಮತ್ತೆ ಬರುವ ಯೋಗವಲ್ಲ. ಆ ಯೋಗ ಬಂದಾಗ ಜಾರ್ಜ್ ಒಂದು ದಿನವನ್ನೂ ವ್ಯರ್ಥ ಮಾಡಲಿಲ್ಲ ಎಂಬುದೇ ಅವರ ದೊಡ್ಡತನ. ಸೆಪ್ಟೆಂಬರ್ 15ಕ್ಕೆ ರೋಹಾದಲ್ಲಿ ಶಂಕುಸ್ಥಾಪನೆ. ನವೆಂಬರಿನಲ್ಲಿ ಸರಕಾರವೇ ಬಿತ್ತು. ಕಂಪನಿ ಬೇರೆಯಾಗಿದ್ದರಿಂದ ಕೆಲಸ ನಿಲ್ಲಲಿಲ್ಲ.

ಕಾರ್ಪೊರೇಷನ್ನಿನ ಕಚೇರಿ ನವಿ ಮುಂಬಯಿಯ ಸಿಬಿಡಿ ಬೇಲಾಪುರದಲ್ಲಿ. ಹಾರ್ಬರ್ ಲೈನ್ ವಾಶಿಗೆ ಬಂದದ್ದೇ 1992ರಲ್ಲಿ. ಅದಕ್ಕೂ ಮೊದಲೇ ಎಂಜಿನಿಯರರು ನಕ್ಷೆ ಬಿಡಿಸಿ ಶರಾವತಿಗೆ ಸೇತುವೆ ಕಟ್ಟಲು ಹೊರಟರು. ಹೊನ್ನಾವರದ ಆ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದ, ಇಡೀ ದಾರಿಯಲ್ಲೇ ದೊಡ್ಡದು. ರತ್ನಾಗಿರಿಯ ಬಳಿ ಕರಬುಡೆ ಸುರಂಗ ಆರೂವರೆ ಕಿಲೋಮೀಟರ್. ಪಾನವಲ್ ಹೊಳೆಯ ಮೇಲಿನ ಸೇತುವೆಯ ಎತ್ತರ 64 ಮೀಟರ್. ಮಂಗಳೂರು–ಉಡುಪಿ ನಡುವೆ ಮೊದಲ ಗಾಡಿ ಓಡಿದ್ದು 1993ರ ಮಾರ್ಚಿನಲ್ಲಿ. ಪೂರ್ತಿ ದಾರಿ ಸಿದ್ಧವಾದದ್ದು 1998ರ ಜನವರಿ 26ಕ್ಕೆ. ಮೇ 1ರಿಂದ ಪ್ರಯಾಣಿಕರ ಗಾಡಿ. ಸುರಂಗ ಕೊರೆಯುವಾಗ, ಕಂಬ ಕಟ್ಟುವಾಗ ಸತ್ತ ಕೆಲಸಗಾರರಿಗೆ ರತ್ನಾಗಿರಿ ಸ್ಟೇಷನ್ನಿನಲ್ಲಿ ಒಂದು ಸ್ಮಾರಕವಿದೆ. ಗಾಡಿ ನಿಂತಾಗ ವಡಾಪಾವ್ ಕೊಳ್ಳಲು ಇಳಿಯುವವರು ಅತ್ತ ಒಮ್ಮೆ ಕಣ್ಣು ಹಾಯಿಸಬೇಕು.

ಕೊರತೆಗಳೂ ಇವೆ. ಹೆಚ್ಚಿನ ಕಡೆ ಇನ್ನೂ ಒಂದೇ ಹಳಿ. 2004ರ ಜೂನ್ 16ರಂದು ಕರಂಜಾಡಿಯ ಬಳಿ ಬಂಡೆ ಉರುಳಿ ಮತ್ಸ್ಯಗಂಧಾವೇ ಹಳಿ ತಪ್ಪಿ ಇಪ್ಪತ್ತರಷ್ಟು ಜನ ಸತ್ತರು. ಈಗಲೂ ಮಳೆಗಾಲದಲ್ಲಿ ಗಾಡಿಯ ವೇಗ ಇಳಿಸುತ್ತಾರೆ. ಗಣಪತಿ ಹಬ್ಬಕ್ಕೆ, ಮೇ ರಜೆಗೆ ಟಿಕೆಟ್ ಸಿಗುವುದು ಅದೃಷ್ಟವಿದ್ದವರಿಗೆ. ಹಣದ ಬಲವಿಲ್ಲದ ಕಾರ್ಪೊರೇಷನ್ನನ್ನು ರೈಲ್ವೆಯಲ್ಲೇ ವಿಲೀನ ಮಾಡಬೇಕು ಎಂಬ ಮಾತಿಗೆ ಮಹಾರಾಷ್ಟ್ರವೂ 2025ರಲ್ಲಿ ಒಪ್ಪಿತು. ಜೋಡಿ ಹಳಿ ಬೇಕಾದರೆ ವಿಲೀನ ಆಗಲಿ. ಆದರೆ ಕಂಪನಿ ಬೇರೆ ಮಾಡಿದ್ದರಿಂದಲೇ ಈ ಹಳಿ ಎಂಟು ವರ್ಷದಲ್ಲಿ ಬಂತು ಎಂಬುದನ್ನು ಆಗಲೂ ನೆನಪಿಡಬೇಕು.

ಇನ್ನು ಹೆಸರಿನ ಮಾತು. ನವಿ ಮುಂಬಯಿಯ ಹೊಸ ವಿಮಾನನಿಲ್ದಾಣಕ್ಕೆ ಭೂಮಿ ಕಳೆದುಕೊಂಡ ರೈತರ ನಾಯಕ ದಿ. ಬಾ. ಪಾಟೀಲರ ಹೆಸರಿಡಬೇಕೆಂದು ಆಗರಿ, ಕೋಳಿ ಸಮುದಾಯದವರು ವರ್ಷಗಟ್ಟಲೆ ಹೋರಾಡಿದರು. ಆ ನೆಲದ ಮಗನಿಗೆ ಆ ನೆಲದವರು ತೋರಿದ ನಿಷ್ಠೆ ಅದು. ಪಾಟೀಲರು ಆ ನೆಲವನ್ನು ಬಿಟ್ಟು ಹೋಗಲಿಲ್ಲ. ಕೊಂಕಣ ರೈಲ್ವೆಯ ಕಚೇರಿಯಾದ ಬೇಲಾಪುರ ಭವನದ ಮೇಲೆ ಜಾರ್ಜ್ ಹೆಸರಿಲ್ಲ. ಅದನ್ನು ಕೇಳಲು ಬೀದಿಗಿಳಿಯುವ ಜನವನ್ನು ಅವರು ಇಲ್ಲಿ ಉಳಿಸಿಕೊಂಡಿರಲೂ ಇಲ್ಲ.

ಬಿಜೆಪಿಯ ಸರಕಾರದಲ್ಲಿ ಜಾರ್ಜ್ ರಕ್ಷಣಾ ಮಂತ್ರಿಯಾಗಿದ್ದ ವರ್ಷಗಳನ್ನು ಬೇಗ ದಾಟುತ್ತೇನೆ. ಪೋಖ್ರಾನ್, ಕಾರ್ಗಿಲ್ ಎರಡೂ ಆ ಕಾಲದ್ದು. ಅಣುಬಾಂಬನ್ನು ವಿರೋಧಿಸುತ್ತಿದ್ದವರು ಅದನ್ನು ಸಮರ್ಥಿಸಿದರು. ಸಿಯಾಚಿನ್‌ಗೆ ಮತ್ತೆ ಮತ್ತೆ ಹೋದರು. ಹಿಮದಲ್ಲಿ ಓಡುವ ಸ್ಕೂಟರಿನ ಫೈಲು ತಡೆದ ಅಧಿಕಾರಿಗಳನ್ನು ಅಲ್ಲಿಗೇ ಕಳುಹಿಸಿ ಚಳಿ ತೋರಿಸಿದರು. ಅದು ಚೌಪಾಟಿಯ ಬೆಂಚನ್ನು ಮರೆಯದ ಜಾರ್ಜ್. ಕಾರ್ಗಿಲ್ ಯೋಧರ ಶವಪೆಟ್ಟಿಗೆ ಖರೀದಿಯ ಆರೋಪ ಅವರನ್ನು ಬಹಳ ನೋಯಿಸಿತು. ಸಿಬಿಐ ಆರೋಪಪಟ್ಟಿಯಲ್ಲಿ ಅವರ ಹೆಸರು ಬರಲೇ ಇಲ್ಲ. ರಕ್ಷಣಾ ಖರೀದಿಯ ಲಂಚವನ್ನು ಬಯಲಿಗೆಳೆದ 2001ರ ಮಾರ್ಚಿನ ತೆಹಲ್ಕಾ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟದ್ದು ಸರಿ. ವಿಚಾರಣೆ ಮುಗಿಯುವ ಮೊದಲೇ ಅಕ್ಟೋಬರಿನಲ್ಲಿ ಅದೇ ಕುರ್ಚಿಗೆ ಮರಳಿದ್ದು ತಪ್ಪು. 2002ರಲ್ಲಿ ಗುಜರಾತಿನ ಹಿಂಸೆಯ ಬಗ್ಗೆ ಲೋಕಸಭೆಯಲ್ಲಿ ಅವರು ಆಡಿದ ಮಾತು, ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರ ಹೊಸದೇನಲ್ಲ ಎಂಬ ಅರ್ಥದ ಮಾತು, ಕ್ಷಮಿಸುವಂಥದ್ದಲ್ಲ. ಸ್ನೇಹಲತಾ ಅವರ ಗೆಳೆಯನ ಬಾಯಲ್ಲಿ ಅದು ಬರಬಾರದಿತ್ತು. ಅವರನ್ನು ಎಷ್ಟು ಪ್ರೀತಿಸಿದರೂ ಈ ಜಾಗದಲ್ಲಿ ನನಗೆ ಸಮರ್ಥನೆ ಸಿಗುವುದಿಲ್ಲ, ಹುಡುಕುವುದೂ ಇಲ್ಲ.

ಅದೇ ದಿನಗಳಲ್ಲಿ ಅವರ ದೆಹಲಿಯ ಮನೆಗೆ ಗೇಟು ಇರಲಿಲ್ಲ. ಬರ್ಮಾದ ಸೈನಿಕ ಆಡಳಿತದಿಂದ ಓಡಿಬಂದ ವಿದ್ಯಾರ್ಥಿಗಳು ಅಲ್ಲಿ ಉಳಿದಿದ್ದರು, ಟಿಬೆಟಿನವರು ಬಂದು ಹೋಗುತ್ತಿದ್ದರು. ಕುರ್ತಾ ತಾವೇ ಒಗೆದುಕೊಳ್ಳುತ್ತಿದ್ದರು, ಇಸ್ತ್ರಿ ಇಲ್ಲ. ಆಮೇಲೆ ಮರೆವಿನ ಕಾಯಿಲೆ ಬಂತು. ಹತ್ತು ಭಾಷೆ ಬಲ್ಲವರ ಬಾಯಲ್ಲಿ ಮಾತು ನಿಂತಿತು.

ಕಳೆದ ಮಳೆಗಾಲ ಮುಗಿದ ಮೇಲೆ ಡೊಂಬಿವಲಿಯಲ್ಲಿ ನಾನು ದಿನಾ ಚಹಾ ಕುಡಿಯುವ ಉಡುಪಿ ಹೊಟೇಲಿನ ಹುಡುಗ ಊರಿಗೆ ಹೊರಟ. ಅವನ ಊರಿಗಲ್ಲ, ಮಾಲಕರ ಊರಿಗೆ. ಅಲ್ಲಿ ಅವರ ಇನ್ನೊಂದು ಹೊಟೇಲಿಗೆ ಜನ ಬೇಕಿತ್ತು. ಮೊದಲು ಕಾಪುವಿನಿಂದ, ಬೈಂದೂರಿನಿಂದ ಹುಡುಗರು ಇಲ್ಲಿಗೆ ಬರುತ್ತಿದ್ದರು. ಈಗ ನೇಪಾಳದ ಹುಡುಗರು ಇಲ್ಲಿ ದೋಸೆ ಹುಯ್ಯಲು ಕಲಿತು ಉಡುಪಿಗೆ ಹೋಗುತ್ತಾರೆ. ಇವನು ಮೋರಂಗ್ ಜಿಲ್ಲೆಯವನು, ವಿರಾಟನಗರದ ಹತ್ತಿರ. ಗಿರಿಜಾ ಬಾಬು ಗೊತ್ತಾ ಅಂದರೆ ಗೊತ್ತು ಎನ್ನುತ್ತಾನೆ, ಅಜ್ಜ ಅವರ ಸಭೆಗೆ ಹೋಗುತ್ತಿದ್ದರಂತೆ. ಜಾರ್ಜ್ ಗೊತ್ತಿಲ್ಲ. ಆ ದಿನ ನಾನೂ ಠಾಣೆಯವರೆಗೆ ಅವನ ಜೊತೆ ಹೋದೆ. ಜನರಲ್ ಡಬ್ಬಿ, ಕಾಲಿಡಲು ಜಾಗವಿಲ್ಲ. ಬಾಗಿಲ ಬಳಿ ನಿಂತಿದ್ದ ಹಿರಿಯ ಹೆಂಗಸೊಬ್ಬರು ಅವನ ಚೀಲವನ್ನು ಎಳೆದುಕೊಂಡು, “ಬಾ ಮಗಾ, ಮೇಲೆ ಬಾ, ಪನವೇಲ್ ದಾಟಿದ ಮೇಲೆ ಕುಳಿತುಕೊಳ್ಳುವಿಯಂತೆ” ಅಂತ ಕನ್ನಡದಲ್ಲೇ ಹೇಳಿದರು. ಅವನು “ಹೂಂ ಅಮ್ಮಾ” ಅಂದ.